ಒಂದು ಜೊತೆ, ಎರಡು ಕೊಟ್ಟಿಗೆ

ನಮ್ಮ ಮನೆಯಿಂದ ಯಾರೂ ಹಸಿದುಕೊಂಡು ಹೋಗಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ನಮ್ಮ ಯಜಮಾನರು ಅದನ್ನೇ ಬೇರೆ ಥರ ಹೇಳುತ್ತಾರೆ. ಈ ಮನೆಗೆ ಬಂದವರು ಯಾರೂ ನೆಟ್ಟಗೆ ಉಸಿರಾಡಿಕೊಂಡು ವಾಪಸು ಹೋಗಿಲ್ಲವಂತೆ. ಬಡಿಸುವಾಗ ‘ಸಾಕು’ ಅನ್ನುವ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ನಮ್ಮ ನಾಯಿ ಜಗಲಿಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಒಮ್ಮೆ ಕೂತು ಸುಧಾರಿಸಿಕೊಳ್ಳುತ್ತದೆ. ನನ್ನ ಮೈಯ ವಿಷಯ ಕೇಳಲೇಬೇಡಿ; ಸಕ್ಕರೆ ಕಾಯಿಲೆಯ ಡಾಕ್ಟರು ನನ್ನನ್ನು ಕಂಡ ಕೂಡಲೇ ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಡುತ್ತಾರೆ. ಇಂಥ ಹೆಂಗಸಿನ ಕೈಗೆ ನಮ್ಮಪ್ಪ ಒಂದು ಹಳ್ಳಿಕಾರ್ ಎತ್ತು ಕೊಟ್ಟು, ಅಳತೆ ಮೀರದಂತೆ ಮೇಯಿಸು ಎಂದ. ಅಪ್ಪನ ಇಡೀ ಆಯುಸ್ಸಿನಲ್ಲಿ ಲೆಕ್ಕ ತಪ್ಪಿದ್ದು ಅದೊಂದೇ ಸಲ ಇರಬೇಕು.

ನನ್ನ ತವರು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿ. ನನ್ನನ್ನು ಕೊಟ್ಟಿದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳಕ್ಕೆ, ತಂಗಿಯನ್ನು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಗೆ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪನ ಮುಕ್ಕಾಲು ಪಾಲು ಜೀವ ಇದ್ದದ್ದು ಕೊಟ್ಟಿಗೆಯಲ್ಲಿ. ಉಳಿದ ಕಾಲು ಪಾಲನ್ನು ಅವ್ವನೂ ನಾವಿಬ್ಬರೂ ಹಂಚಿಕೊಂಡಿದ್ದೆವು. ಉಳುಮೆಗೆಲ್ಲ ಟ್ರಾಕ್ಟರು ಬಂದ ಮೇಲೂ ಆತ ಬರೀ ಶೋಕಿಗೆಂದು ಎತ್ತು ಕಟ್ಟುತ್ತಿದ್ದ. ಮಂಡಿ ಸವೆದು, ಇನ್ನು ಬಗ್ಗಿ ಸಗಣಿ ಬಾಚುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಎಲ್ಲವನ್ನೂ ಮಾರಿ, ಕರೆಯುವ ಹಸು ಒಂದನ್ನು ಇಟ್ಟುಕೊಂಡ. ಒಂದು ಜೊತೆ ಎಳೆಯ ಎತ್ತುಗಳನ್ನು ಮಾತ್ರ ಯಾರು ಕೇಳಿದರೂ ಕೊಡಲಿಲ್ಲ. ಒಂದೇ ಬೂದು ಬಣ್ಣ, ಒಂದೇ ಎತ್ತರ, ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗಿದ ಒಂದೇ ಥರದ ಕೊಂಬು. ಯಾವುದು ಯಾವುದೆಂದು ಅವ್ವನಿಗೇ ಗೊತ್ತಾಗುತ್ತಿರಲಿಲ್ಲ.

ಆ ಜೊತೆಯನ್ನು ಅಪ್ಪ ನಮ್ಮಿಬ್ಬರಿಗೆ ಬಳುವಳಿ ಕೊಟ್ಟ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಎಂಥ ಬಳುವಳಿ ಎಂದು ಊರವರು ನಕ್ಕರು. ನನಗೊಂದು, ತಂಗಿಗೊಂದು. ಎರಡನ್ನೂ ಒಬ್ಬಳಿಗೇ ಕೊಟ್ಟರೆ ಇನ್ನೊಬ್ಬಳು ಮಾತು ಬಿಡುತ್ತಾಳೆ ಎಂದು ಆತನಿಗೆ ಗೊತ್ತಿತ್ತು. ಆ ಇನ್ನೊಬ್ಬಳು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಷರತ್ತು. ನಾಲ್ಕು ಹಲ್ಲು ಬಂದ ವರ್ಷ, ಸಂಕ್ರಾಂತಿ ಕಳೆದ ಮೇಲೆ ಪಾಂಡವಪುರದ ಹತ್ತಿರ ನಡೆಯುವ ರಾಸುಗಳ ಪ್ರದರ್ಶನದಲ್ಲಿ ಎರಡನ್ನೂ ಒಟ್ಟಿಗೆ ನಿಲ್ಲಿಸಬೇಕು. ನಮ್ಮ ಕಡೆ ದೊಡ್ಡ ಬಹುಮಾನ ಜೊತೆಗೇ ಹೊರತು ಒಂದು ಎತ್ತಿಗಲ್ಲ. ಒಂಟಿ ಎತ್ತಿಗೂ ಒಂದು ವಿಭಾಗ ಇರುತ್ತದೆ, ಅದು ಜೊತೆ ಕೂಡದವರ ಸಮಾಧಾನಕ್ಕೆ. ಜೊತೆ ಎಂದರೆ ಬಣ್ಣ, ಎತ್ತರ, ಕೊಂಬು ಸರಿಹೊಂದಿದರೆ ಸಾಲದು, ಮೈಯೂ ಸಮ ಇರಬೇಕು. ಒಂದು ದಪ್ಪ ಒಂದು ಸಣ್ಣ ಆದರೆ ಎರಡೂ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕೆ ನಿಲ್ಲಿಸಿಬಿಡುತ್ತಾರೆ.

ಅದಕ್ಕೇ ಅಪ್ಪ ಆ ವರ್ಷ ದಸರಾ ರಜೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಒಂದೇ ಪಟ್ಟಿ ಬರೆಸಿದ. ಬೆಳಿಗ್ಗೆ ಬೇಯಿಸಿದ ಹುರುಳಿ ಒಂದು ಸೇರು, ತೌಡು ಇಷ್ಟು, ನೆನೆಸಿದ ಕಡಲೆಕಾಯಿ ಹಿಂಡಿ ಇಷ್ಟು, ರಾಗಿ ಹುಲ್ಲು ಹೊಟ್ಟೆ ತುಂಬ, ಹಸಿ ಜೋಳದ ಕಡ್ಡಿ ಒಂದು ಹೊರೆ. ವಾರಕ್ಕೆ ಒಂದು ಸಲ ನಿಂಬೆಹಣ್ಣಿನ ಗಾತ್ರದ ಬೆಣ್ಣೆ, ಎರಡು ಮೊಟ್ಟೆ.

‘ಕಣ್ಗೆ ಪಕ್ಕೆ ಕಾಣ್ಬಾರ್ದು, ಕೈಗೆ ಸಿಕ್ಬೇಕು. ಆ ಅದ ಬಂದ್ಮೇಲೆ ಒಂದ್ ಇಡಿ ಎಚ್ಗೂ ಬ್ಯಾಡ, ಕಮ್ಮೀನೂ ಬ್ಯಾಡ. ನಾನು ನೋಡಾಕ್ ಬರಾಕಿಲ್ಲ. ಮೈದಾನದಲ್ಲೇ ನೋಡ್ತೀನಿ’ ಅಂದ ಅಪ್ಪ. ಪಕ್ಕೆಲುಬು ಕಣ್ಣಿಗೆ ಬೀಳದ ಹಾಗೆ ಮೈ ತುಂಬಿರಬೇಕು, ಆದರೆ ಒತ್ತಿದರೆ ಬೆರಳಿಗೆ ಮೂಳೆ ತಾಗಬೇಕು, ಆ ಹದ ಬಂದ ಮೇಲೆ ಒಂದು ಹಿಡಿಯೂ ಹೆಚ್ಚುಕಮ್ಮಿ ಆಗಬಾರದು ಎಂದು ಅದರ ಅರ್ಥ. ತಂಗಿ ಪಟ್ಟಿಯನ್ನು ಎರಡು ಸಲ ಓದಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ನಾನು ಅದರ ಫೋಟೋ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಮತ್ತೆ ನೋಡಿದವಳಲ್ಲ.

ನಮ್ಮಪ್ಪ ಎತ್ತುಗಳನ್ನು ಹೊಗಳಿದಷ್ಟು ಮನುಷ್ಯರನ್ನು ಹೊಗಳಿದವನಲ್ಲ. ನನಗೀಗ ನಲವತ್ತೇಳು ವರ್ಷ. ನಾನು ಮಾಡಿದ ಕೆಲಸವೊಂದನ್ನು ನೋಡಿ ಆತ ‘ಚೆನ್ನಾಗದೆ’ ಅಂದದ್ದು ನನಗೆ ನೆನಪಿಲ್ಲ. ತಂಗಿಗೆ ಅಂದದ್ದು ನೆನಪಿದೆ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಕರುವಿಗೊಂದು ಹಗ್ಗ ಹೊಸೆದಿದ್ದಳು. ಅಪ್ಪ ಅದನ್ನು ಎಳೆದು ನೋಡಿ, ‘ಬಲು ಚೆನ್ನಾಗದೆ ಕಣವ್ವ’ ಎಂದು ಅವಳ ತಲೆ ಸವರಿದ್ದ. ಅವಳಿಗೆ ಆ ಸಂಗತಿಯೇ ಮರೆತುಹೋಗಿದೆಯಂತೆ. ನನಗೆ ತಾರೀಖೊಂದು ಬಿಟ್ಟು ಮಿಕ್ಕೆಲ್ಲ ನೆನಪಿದೆ, ಆ ಹಗ್ಗದ ಬಣ್ಣ ಸಮೇತ. ಹಾಗಾಗಿ ಪಾಂಡವಪುರದಲ್ಲಿ ಜೊತೆ ಗೆಲ್ಲಬೇಕು ಎನ್ನುವುದು ಅಪ್ಪನ ಆಸೆಯಾದರೆ, ಆ ಜೊತೆಯಲ್ಲಿ ಅಪ್ಪನ ಕಣ್ಣು ಮೊದಲು ನನ್ನದರ ಮೇಲೆ ಬೀಳಬೇಕು ಎನ್ನುವುದು ನನ್ನ ಆಸೆ. ಬಾಯಿ ಬಿಟ್ಟು ಒಂದೇ ಒಂದು ಒಳ್ಳೆಯ ಮಾತು ಹೇಳಿದರೆ ಸಾಕಿತ್ತು. ಇಷ್ಟು ವಯಸ್ಸಾದ ಮೇಲೂ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ಮೊದಲ ಹದಿನೈದು ದಿನ ಪಟ್ಟಿಯಂತೆಯೇ ನಡೆದುಕೊಂಡೆ. ಆಮೇಲೆ ಒಂದು ದಿನ ಎತ್ತು ಬಾನಿ ನೆಕ್ಕಿ ಮುಗಿಸಿ ನನ್ನ ಮುಖ ನೋಡಿತು. ಬರೀ ನೋಡಿತು, ಅಷ್ಟೇ. ಆ ನೋಟಕ್ಕೆ ಹಸಿವು ಎಂದು ಅರ್ಥ ಮಾಡಿಕೊಂಡವಳು ನಾನು. ಮಿಕ್ಕಿದ್ದ ಒಂದು ಮುದ್ದೆ ಕೊಟ್ಟೆ. ಮಾರನೆಯ ದಿನ ಎರಡು ಕೊಟ್ಟೆ. ವಾರದ ಬೆಣ್ಣೆ ದಿನದ ಬೆಣ್ಣೆಯಾಯಿತು. ನಿಂಬೆಹಣ್ಣಿನ ಗಾತ್ರ ಹೋಗಿ ಕಿತ್ತಳೆಹಣ್ಣಿನ ಗಾತ್ರಕ್ಕೆ ಬಂತು. ಮೊಟ್ಟೆಯನ್ನು ಬೆಲ್ಲದ ನೀರಿನಲ್ಲಿ ಕದಡಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದೆ. ಮೊದಮೊದಲು ಬಾಯಿ ಹಿಡಿದು ಗೊಟ್ಟ ಹಾಕಬೇಕಿತ್ತು, ಆಮೇಲೆ ಗೊಟ್ಟ ಕಂಡರೆ ಅದೇ ಬಾಯಿ ತೆರೆಯುತ್ತಿತ್ತು. ದೀಪಾವಳಿಗೆ ಮಾಡಿದ ಒಬ್ಬಟ್ಟಿನಲ್ಲಿ ಅದಕ್ಕೂ ಒಂದು ಪಾಲು. ನಮ್ಮ ಯಜಮಾನರಿಗೆ ನೀರಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ. ಒಂದು ಮಧ್ಯಾಹ್ನ ಬಂದು ನೋಡಿ ಅಂದರು, ‘ಲೇ, ನಾಕ್ ಒಬ್ಬಟ್ಟು ಅದುಕ್ಕೆ, ಎರಡು ನಂಗೆ. ನಿಮ್ಮಪ್ಪುಂಗೆ ಅಳಿಯ ಯಾರು ಅಂತ ಏಳ್ಬುಡು.’

ಪ್ರತಿ ಸಂಜೆ ತಂಗಿಯ ಫೋನು ಬರುತ್ತಿತ್ತು. ಅವಳು ಪಟ್ಟಿಯನ್ನು ಮುಂದಿಟ್ಟುಕೊಂಡು, ‘ಅಕ್ಕ, ಉಳ್ಳಿ ಒಂದ್ ಸೇರು ಆಯ್ತು. ಇಂಡಿ ಆಯ್ತು. ನಿಂದು?’ ಎಂದು ಕೇಳುತ್ತಿದ್ದಳು. ‘ನಂದೂ ಅಷ್ಟೇ ಕಣಮ್ಮಿ’ ಅನ್ನುತ್ತಿದ್ದೆ, ಇನ್ನೊಂದು ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು. ಅಪ್ಪ ಫೋಟೋ ಕಳಿಸು ಅಂದರೆ ಮುಖದ ಫೋಟೋ ಕಳಿಸುತ್ತಿದ್ದೆ. ಎತ್ತು ಎಷ್ಟೇ ಕೊಬ್ಬಿದರೂ ಮುಖದಲ್ಲಿ ಕಾಣುವುದಿಲ್ಲ. ಮನುಷ್ಯರಿಗೆ ಈ ಅನುಕೂಲ ಇಲ್ಲ, ನನ್ನ ಆಧಾರ್ ಕಾರ್ಡು ನೋಡಿದರೆ ಗೊತ್ತಾಗುತ್ತದೆ.

ಸಂಕ್ರಾಂತಿಗೆ ಒಂದು ವಾರ ಇರುವಾಗ ಲಾಳ ಕಟ್ಟುವ ಸಾಬರು ಬಂದರು. ಗಂಜಾಂ ಕಡೆಯವರು, ತಲೆ ನರೆತ ಹಿರಿಯರು. ಮೊಪೆಡ್ಡಿಗೆ ಪೆಟ್ಟಿಗೆ ಕಟ್ಟಿಕೊಂಡು ನಾಲ್ಕು ತಾಲ್ಲೂಕು ಸುತ್ತುತ್ತಾರೆ. ಹೊಸ ಲಾಳ ಕಾಲಿಗೆ ಹೊಂದಿಕೊಳ್ಳಲಿ ಎಂದು ಅಪ್ಪನೇ ಅವರಿಗೆ ಹೇಳಿದ್ದ: ಮೊದಲು ನಮ್ಮ ಮನೆ, ಮಾರನೆಯ ದಿನ ತಂಗಿಯ ಮನೆ. ಎತ್ತಿನ ಕಾಲಿಗೆ ಹಗ್ಗ ಹಾಕಿ ಕೆಡವಿದರು. ಬಿದ್ದ ಮೇಲೂ ಸ್ವಲ್ಪ ಹೊತ್ತು ಅದರ ಹೊಟ್ಟೆ ಅಲುಗಾಡುತ್ತಲೇ ಇತ್ತು. ಸಾಬರು ಲಾಳ ಹೊಡೆಯುವುದನ್ನು ಬಿಟ್ಟು ಅದರ ಪಕ್ಕೆಯ ಮೇಲೆ ಕೈಯಿಟ್ಟು ಒತ್ತಿದರು. ಇನ್ನೂ ಸ್ವಲ್ಪ ಒತ್ತಿದರು.

‘ಯಾ ಅಲ್ಲಾ! ಪಕ್ಕೆ ಎಲ್ಲಿ ಇಟ್ಟಿದ್ದೀರಮ್ಮ?’

‘ಒಳಗೇ ಅವೆ ಸಾಬ್ರೆ’ ಅಂದೆ.

‘ಬಾಲದ ಬುಡ ನೋಡ್ರಿ, ಗಂಟುಗಂಟು ಕೊಬ್ಬು. ಇದು ಶೋಕಿ ಅಲ್ಲಮ್ಮ, ಬೀಮಾರಿ. ಲಾಳ ಕಟ್ಟಿದ್ರೂ ಈ ತೂಕಕ್ಕೆ ನಿಲ್ಲಾಕಿಲ್ಲ. ನಿಮ್ ತಂದೆ ಕಣ್ಗೆ ಬಿದ್ರೆ ಏನ್ ಅಂತಾರೆ?’

ಅಪ್ಪನ ಹೆಸರು ಎತ್ತಿದ್ದೇ ತಡ, ನನಗೆ ಅಳು ಬಂದುಬಿಟ್ಟಿತು. ಎತ್ತಿನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆ: ಬೆಣ್ಣೆ, ಮೊಟ್ಟೆ, ಮುದ್ದೆ, ಒಬ್ಬಟ್ಟು. ಅಪ್ಪನಿಗೆ ಹೇಳಬೇಡಿ ಎಂದು ಕೈ ಮುಗಿದೆ. ತಂಗಿಗೆ ಹೇಳಬೇಡಿ ಅನ್ನುವುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

‘ಏಳಾಕಿಲ್ಲ ಬುಡ್ರಿ. ಇನ್ನೂ ಒಂದ್ ತಿಂಗ್ಳು ಟೈಮ್ ಅದೆ. ಮೇವು ಪಟ್ಟಿಗೆ ತನ್ನಿ. ಬೆಳಿಗ್ಗೆ ಬೆಳಿಗ್ಗೆ ನಡೆಸ್ರಿ, ದೂರ ನಡೆಸ್ರಿ. ಉಪವಾಸ ಮಾತ್ರ ಬ್ಯಾಡ’ ಎಂದು ಸಾಬರು ಹೇಗೋ ಲಾಳ ಹೊಡೆದು ಮುಗಿಸಿ ಎತ್ತನ್ನು ಎಬ್ಬಿಸಲು ಹೊರಟರು. ಎಬ್ಬಿಸಲು ನಮ್ಮ ಯಜಮಾನರೂ ಪಕ್ಕದ ಮನೆಯ ಇಬ್ಬರೂ ಸೇರಬೇಕಾಯಿತು.

ಮಾರನೆಯ ದಿನದಿಂದ ನಾನೂ ಎತ್ತೂ ನಾಲೆ ಏರಿಯ ಮೇಲೆ ವಾಕಿಂಗ್ ಶುರು ಮಾಡಿದೆವು. ಡಾಕ್ಟರು ಆರು ವರ್ಷದಿಂದ ಬಾಯಿ ಬಡಿದುಕೊಂಡರೂ ನಾನು ಹಾಕದಿದ್ದ ಬೂಟನ್ನು ಎತ್ತಿಗೋಸ್ಕರ ಹಾಕಿದೆ. ನೈಟಿ, ಮೇಲೊಂದು ಟವೆಲು, ಕಾಲಿಗೆ ಬಿಳಿ ಬೂಟು, ಕೈಯಲ್ಲಿ ಮೂಗುದಾರದ ಹಗ್ಗ. ಮೊದಲ ದಿನ ಸೇತುವೆಯ ತನಕ ಹೋಗುವಷ್ಟರಲ್ಲಿ ಇಬ್ಬರಿಗೂ ಏದುಸಿರು. ನಾನು ಕಲ್ಲಿನ ಮೇಲೆ ಕೂತೆ, ಅದು ಮಣ್ಣಿನ ಮೇಲೆ ಮಲಗಿತು. ಟೀ ಅಂಗಡಿಯ ಮುಂದೆ ಬೆಂಚಿನ ಮೇಲಿದ್ದವರು ಎರಡನೇ ದಿನಕ್ಕೇ ಕಾಯುತ್ತಾ ಕೂತಿದ್ದರು.

‘ಏನಕ್ಕ, ಇಬ್ರುಗೂ ಶುಗರ್ರಾ?’ ಎಂದು ಒಬ್ಬ ಕೇಳಿದ.

‘ಲೇ, ಯಾರು ಯಾರ್ನ ವಾಕಿಂಗ್ ಕರ್ಕೊಂಡೋಯ್ತಾವ್ರೆ ಅಂತ ಮೊದ್ಲು ಕೇಳ್ಲಾ’ ಎಂದ ಇನ್ನೊಬ್ಬ.

ಕೇಳಿಸದವಳಂತೆ ಹೋದೆ. ಕಷ್ಟ ಅದಲ್ಲ. ಕಷ್ಟ ಎಂದರೆ ಬೆಣ್ಣೆ ನಿಲ್ಲಿಸಿದ್ದು. ಬೆಣ್ಣೆ ತರುವ ಹೆಂಗಸಿಗೆ ಒಂದೇ ಸಲ ಬೇಡ ಅನ್ನಲು ಬಾಯಿ ಬರಲಿಲ್ಲ, ದಿನವೂ ತಂದಳು, ದಿನವೂ ತೆಗೆದುಕೊಂಡೆ. ಎತ್ತಿಗೆ ಕೊಡುವಂತಿಲ್ಲ. ಹಾಳು ಮಾಡಲು ಮನಸ್ಸಿಲ್ಲ. ಎಲ್ಲಿಗೆ ಹೋಯಿತೆಂದು ಯಾರೂ ಕೇಳಬೇಡಿ. ಸಂಕ್ರಾಂತಿಯ ದಿನ ಊರಿನ ರಾಸುಗಳೆಲ್ಲ ಕಬ್ಬು ತಿಂದವು, ನನ್ನದು ಮಾತ್ರ ಅರಿಶಿನ ಬಳಿಸಿಕೊಂಡು ಪಕ್ಕದ ಮನೆಯ ದನದ ಬಾಯಿ ನೋಡುತ್ತಾ ನಿಂತಿತ್ತು. ಆದರೂ ಕೊಡಲಿಲ್ಲ. ಈ ಎತ್ತೊಂದು ಹದಕ್ಕೆ ಬಂದರೆ ಕರಿಘಟ್ಟದ ದೇವಸ್ಥಾನದ ಮೆಟ್ಟಿಲನ್ನು ಎಲ್ಲಿಯೂ ಕೂರದೆ ಹತ್ತುತ್ತೇನೆ ಎಂದು ಹರಕೆ ಬೇರೆ ಹೊತ್ತೆ.

ನಿಧಾನಕ್ಕೆ ಅದರ ಹೊಟ್ಟೆ ಮೇಲೆ ಹೋಯಿತು. ನಡಿಗೆ ಬಿಗಿಯಾಯಿತು. ಬಾಲದ ಬುಡದ ಗಂಟುಗಳು ಕರಗಿದವು. ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಕಣ್ಣು ಮುಚ್ಚಿಕೊಂಡು ಅದರ ಪಕ್ಕೆಯ ಮೇಲೆ ಕೈಯಿಟ್ಟು ಒತ್ತಿದೆ. ಬೆರಳಿಗೆ ಮೂಳೆ ಒಂದೊಂದಾಗಿ ಸಿಕ್ಕಿತು. ಕಣ್ಣು ಬಿಟ್ಟು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಆ ತಿಂಗಳೆಲ್ಲ ತಂಗಿಯ ಫೋನು ಬರುತ್ತಲೇ ಇತ್ತು, ‘ಅಷ್ಟೇ ಕಣಮ್ಮಿ, ಪಟ್ಟಿಯಂಗೆ’ ಎಂದು ಈ ಸಲ ನಿಜವನ್ನೇ ಹೇಳುತ್ತಿದ್ದೆ. ಆ ಕಡೆಯಿಂದ ಅವಳು ಮೊದಲಿನ ಹಾಗೆ ಪಟ್ಟಿ ಓದುವುದನ್ನು ಬಿಟ್ಟಿದ್ದಳು. ನಾನು ಗಮನಿಸಲಿಲ್ಲ. ನಿಜ ಹೇಳುವ ಹೊಸ ಸಂಭ್ರಮದಲ್ಲಿದ್ದೆ.

ಪ್ರದರ್ಶನದ ಬೆಳಿಗ್ಗೆ ನಾವೇ ಮೊದಲು ಹೋದೆವು. ಅಪ್ಪ ಬಿಳಿ ಪಂಚೆ ಉಟ್ಟು, ಕೋಲು ಊರಿಕೊಂಡು ಮೈದಾನದ ಬಾಗಿಲಲ್ಲೇ ನಿಂತಿದ್ದ. ಟೆಂಪೋದಿಂದ ನನ್ನ ಎತ್ತು ಇಳಿಯಿತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದ, ಭುಜದಿಂದ ಬಾಲದವರೆಗೆ ಕೈಯಾಡಿಸಿದ, ಪಕ್ಕೆ ಒತ್ತಿದ. ನಾನು ಆತನ ಬಾಯನ್ನೇ ನೋಡುತ್ತಾ ನಿಂತಿದ್ದೆ. ಆತ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹೊಣಕೆರೆಯ ಟೆಂಪೋ ಬಂತು.

ಅದರಿಂದ ತಂಗಿಯ ಎತ್ತು ಇಳಿಯಿತು. ಇಳಿಯುವಾಗ ಟೆಂಪೋದ ಹಲಗೆ ಬಾಗಿತು. ಕುತ್ತಿಗೆಯ ಗಂಗೆದೊಗಲು ದಿಂಬಿನ ಹಾಗೆ ತುಂಬಿಕೊಂಡಿತ್ತು, ಬೆನ್ನಿನ ಮೇಲೆ ಚೊಂಬು ಇಟ್ಟರೆ ಬೀಳುತ್ತಿರಲಿಲ್ಲ. ನಮ್ಮ ಯಜಮಾನರು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರು. ಅವು ಜೊತೆಯ ಹಾಗೆ ಕಾಣಲೇ ಇಲ್ಲ. ಅಪ್ಪ-ಮಗನ ಹಾಗೆ ಕಂಡವು.

ಒಂದು ತಿಂಗಳ ಬೂಟು, ಏದುಸಿರು, ಟೀ ಅಂಗಡಿಯವರ ನಗು, ಸಂಕ್ರಾಂತಿಯ ಕಬ್ಬು ಎಲ್ಲ ಒಟ್ಟಿಗೆ ನನ್ನ ತಲೆಗೇರಿತು. ಮೈದಾನದಲ್ಲಿ ನಾಲ್ಕು ತಾಲ್ಲೂಕಿನ ಜನ ಇದ್ದರು. ಅವರೆಲ್ಲರ ಎದುರು ನನ್ನ ಗಂಟಲು ಎಷ್ಟು ದೊಡ್ಡದೋ ಅಷ್ಟೂ ದೊಡ್ಡದು ಮಾಡಿಕೊಂಡು ಕೂಗಿದೆ: ‘ಕಳ್ಳಿ! ದಿನಾ ಫೋನ್ ಮಾಡಿ ಉಳ್ಳಿ ಲೆಕ್ಕ ಏಳ್ತಿದ್ಯಲ್ಲ, ಕದ್ದು ಕದ್ದು ಏನೇನ್ ತಿನ್ಸ್ದೆ ಏಳೇ! ಅಪ್ಪ ಅಷ್ಟು ಬುಡ್ಸಿ ಬುಡ್ಸಿ ಏಳಿರ್ಲಿಲ್ವಾ? ನಿಂಗೆ ನಿಂದೇ ಎಚ್ಗೆ ಕಾಣ್ಬೇಕಾ?’

ಜನ ತಿರುಗಿ ನೋಡಿದರು. ತಂಗಿ ನನ್ನ ಎತ್ತನ್ನೇ ನೋಡುತ್ತಿದ್ದಳು. ಅದರ ಪಕ್ಕೆಯನ್ನು, ಮೇಲೆ ಹೋದ ಹೊಟ್ಟೆಯನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

ಅಪ್ಪ ಅವಳ ಎತ್ತಿನ ಪಕ್ಕೆಗೆ ಕೈಯಿಟ್ಟು ಒತ್ತಿದ. ಏನೂ ಸಿಗಲಿಲ್ಲ. ‘ನಿನ್ ಮೇಲೆ ನಂಬ್ಕೆ ಇಟ್ಟಿದ್ನಲ್ಲವ್ವ. ಜೊತೆ ಕೆಡಿಸ್ಬುಟ್ಟೆ’ ಎಂದ. ಅವಳು ತಲೆ ತಗ್ಗಿಸಿದಳು. ಆಗ ಅಪ್ಪ ನನ್ನ ಕಡೆ ತಿರುಗಿದ. ‘ನೋಡು ನಿಮ್ಮಕ್ಕುನ್ನ. ಎತ್ತು ಸಾಕಾದು ಅಂದ್ರೆ ಇಂಗೆ. ಬಲು ಚೆನ್ನಾಗಿ ಸಾಕವ್ಳೆ’ ಎಂದು ನನ್ನ ಭುಜದ ಮೇಲೆ ಕೈಯಿಟ್ಟ.

ಆ ಗಳಿಗೆಯಲ್ಲಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಜೊತೆ ಕೆಟ್ಟಿತು, ತಂಗಿ ತಲೆ ತಗ್ಗಿಸಿ ನಿಂತಿದ್ದಳು, ಅಪ್ಪನ ಆಸೆ ಮಣ್ಣಾಯಿತು. ನನಗೆ ಅವೊಂದೂ ಕಾಣಲಿಲ್ಲ. ಭುಜದ ಮೇಲಿನ ಕೈಯೊಂದೇ ಗೊತ್ತಾಗುತ್ತಿತ್ತು. ತೀರ್ಪುಗಾರರಾಗಿ ಬಂದಿದ್ದ ಪಶುವೈದ್ಯರು ಎರಡನ್ನೂ ನೋಡಿ ಜೊತೆಗೆ ಬರುವುದಿಲ್ಲ ಎಂದರು. ನನ್ನದನ್ನು ಬೇಕಾದರೆ ಒಂಟಿ ಎತ್ತಿನ ವಿಭಾಗಕ್ಕೆ ಹಾಕಿ ಎಂದಾಗ ಅಪ್ಪ ಹೆಸರು ಬರೆಸಲು ತಾನೇ ಕುಂಟುತ್ತಾ ಹೋದ.

ಲಾಳದ ಸಾಬರು ಅಲ್ಲಿಯೇ ಬೇಲಿಯ ಪಕ್ಕ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ನನ್ನ ಕೂಗಾಟ ಅವರಿಗೂ ಕೇಳಿಸಿತ್ತು. ಅಪ್ಪ ಆ ಕಡೆ ಹೋದ ಮೇಲೆ ಎದ್ದು ಬಂದರು.

‘ಅರೇ ಅಮ್ಮಾ, ಏನ್ ಮಾಡ್ಬುಟ್ರಿ ನೀವು? ಆ ವಮ್ಮ ಪಟ್ಟಿಗೆ ಸರಿಯಾಗಿ ಸಾಕಿದ್ರು. ನಾನು ಲಾಳ ಕಟ್ಟಾಕೆ ಓಗಿದ್ದಾಗ ಅಕ್ಕನ್ ಎತ್ತು ಎಂಗದೆ ಅಂತ ಕೇಳಿದ್ರು. ನಂಗೆ ಸುಳ್ಳು ಏಳಾಕೆ ಬರಾಕಿಲ್ಲ, ಬಾಳ ದಪ್ಪ ಆಗದೆ ಅಂದೆ. ಇಳಿಸಾಕೆ ಏಳಿದ್ದೀನಿ ಅಂದ್ರೂ ನಂಬ್ಲಿಲ್ಲ, ಅಕ್ಕ ಇಳಿಸಾಕಿಲ್ಲ ಅಂದ್ರು. ಅವತ್ತಿಂದ್ಲೇ ಅವ್ರೂ ತಿನ್ಸಾಕ್ ಶುರು ಮಾಡಿದ್ರು. ಎರಡೂ ಒಂದೇ ತರ ದಪ್ಪ ಇದ್ರೆ ಜೊತೆ ಆದ್ರೂ ಆಯ್ತದೆ, ಅಕ್ಕ ಒಬ್ಳೇ ಬೈಸ್ಕೊಳೋದು ತಪ್ತದೆ ಅಂತ. ನಿಮ್ಗೆ ಏಳ್ಬ್ಯಾಡಿ ಅಂತ ನನ್ ಕೈಲಿ ಮಾತ್ ಬೇರೆ ತಗಂಡ್ರು.’

ತಂಗಿ ತನ್ನ ಎತ್ತನ್ನು ಹುಣಸೆಮರದ ನೆರಳಿಗೆ ಕಟ್ಟಿ, ಅದರ ಮೂತಿ ಒರೆಸುತ್ತಿದ್ದಳು. ಹೋಗಿ ಅವಳ ಪಕ್ಕ ನಿಂತೆ.

‘ಯಾಕಮ್ಮಿ ಏಳ್ಲಿಲ್ಲ?’

‘ನೀನು ಇಳಿಸ್ತೀಯ ಅಂತ ನಂಗೆಂಗೆ ಗೊತ್ತಕ್ಕ?’ ಅಂದಳು. ‘ಉಟ್ಟಿದಾಗಿಂದ ನೀನು ಯಾವ್ದಾದ್ರೂ ಒಂದ್ನ ಕಮ್ಮಿ ಮಾಡಿದ್ದು ನಾನು ನೋಡೇ ಇಲ್ಲ.’

‘ಅದಲ್ಲ. ಈಗ ಯಾಕೆ ಏಳ್ಲಿಲ್ಲ? ನಾನು ಅಷ್ಟೊಂದ್ ಜನ್ರ ಮುಂದೆ ಕಳ್ಳಿ ಅಂದಾಗ?’

ಅವಳು ಎತ್ತಿನ ಮೂತಿ ಒರೆಸುವುದನ್ನು ನಿಲ್ಲಿಸಲಿಲ್ಲ. ‘ಅಪ್ಪ ನಿನ್ ಎತ್ತು ಮುಟ್ತಿದ್ದಾಗ ಟೆಂಪೋದಿಂದ್ಲೇ ನಿನ್ ಮುಖ ನೋಡ್ದೆ. ಆ ಮಾತು ನಿಂಗ್ ಬರ್ಲಿ ಅಂತ ಸುಮ್ನಾದೆ. ಬಂತಲ್ಲ. ಬುಡು.’

ನಾನು ಇಷ್ಟು ವರ್ಷ ಗುಟ್ಟಾಗಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಆಸೆ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಒಂಟಿ ಎತ್ತಿನ ವಿಭಾಗ ಕೂಗಿದರು.

ನನ್ನ ಎತ್ತಿಗೆ ಎರಡನೇ ಬಹುಮಾನ ಬಂತು. ಒಂದು ಹಾರ, ಒಂದು ಶಾಲು, ಒಂದು ಹಿತ್ತಾಳೆ ಕೊಳಗ. ಶಾಲನ್ನು ಅಪ್ಪನಿಗೆ ಹೊದಿಸಿದರು. ಮೈಕು ಹಿಡಿದಿದ್ದ ಮನುಷ್ಯ, ‘ಇಷ್ಟು ಹದವಾಗಿ ಸಾಕಿದ್ದೀರಲ್ಲ ಯಜಮಾನ್ರೆ, ಗುಟ್ಟೇನು, ರೈತ್ರಿಗೆ ಒಂದೆರಡು ಮಾತು ಏಳಿ’ ಅಂದ. ಅಪ್ಪ ಎದೆಯುಬ್ಬಿಸಿಕೊಂಡು, ‘ಸಾಕಿದ್ದು ನಾನಲ್ಲ, ನನ್ ದೊಡ್ ಮಗ್ಳು. ಅವ್ಳೇ ಏಳ್ಲಿ’ ಎಂದು ಮೈಕನ್ನು ನನ್ನ ಕೈಗೆ ಕೊಡಿಸಿದ.

ಅದನ್ನು ಬಾಯಿಯ ಹತ್ತಿರ ಹಿಡಿದಾಗ ಹುರುಳಿ, ತೌಡು, ಹಿಂಡಿ ಎಂದು ಪಟ್ಟಿ ಒಪ್ಪಿಸಿ ಇಳಿದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬೈದದ್ದು ಎಲ್ಲರ ಎದುರು. ಒಪ್ಪಿಕೊಳ್ಳುವುದನ್ನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡಿದರೆ ಅದು ಯಾವ ಸೀಮೆಯ ನ್ಯಾಯ?

‘ಗುಟ್ಟು ಏನೂ ಇಲ್ಲ’ ಅಂದೆ. ನನ್ನ ದನಿ ನಾಲ್ಕು ಕಡೆಯ ಸ್ಪೀಕರುಗಳಿಂದ ನನಗೇ ವಾಪಸು ಬಂತು. ‘ಮೊದ್ಲು ಎರಡ್ ತಿಂಗ್ಳು ನಮ್ಮಪ್ಪ ಏಳಿದ್ದ ಪಟ್ಟಿ ಬುಟ್ಟು ಕದ್ದು ತಿನ್ಸ್ದೆ. ದಿನಾ ಇಷ್ಟ್ ದಪ್ಪ ಬೆಣ್ಣೆ, ಮೊಟ್ಟೆ, ಮುದ್ದೆ. ಅಬ್ಬದಲ್ಲಿ ಒಬ್ಬಟ್ಟು. ಎತ್ತು ಏಳಾಕಾಗ್ದಂಗೆ ಕೊಬ್ಬೋಯ್ತು. ಆಮೇಕೆ ಒಂದ್ ತಿಂಗ್ಳು ನಾಲೆ ಏರಿ ಮೇಲೆ ನಡೆಸ್ದೆ. ಅಷ್ಟೇ.’ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಯಾರೋ ಸಿಳ್ಳೆ ಹಾಕಿದರು. ‘ಇನ್ನೊಂದ್ ಮಾತು. ಬೆಳಿಗ್ಗೆ ನಾನು ನನ್ ತಂಗೀನ ಕಳ್ಳಿ ಅಂದೆ, ನೀವೆಲ್ಲ ಕೇಳುಸ್ಕೊಂಡ್ರಿ. ಅವ್ಳು ಕಳ್ಳಿ ಅಲ್ಲ. ಅವ್ಳ ಎತ್ತು ಸರಿಯಾಗೇ ಇತ್ತು. ನನ್ನುದ್ರ ಜೊತೆಗೆ ಬರ್ಲಿ, ನಾನು ಬೈಸ್ಕೋಬಾರ್ದು ಅಂತ ಅವ್ಳೂ ತಿನ್ಸವ್ಳೆ. ಕಳ್ಳಿ ನಾನು.’

ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಮೈಕಿನವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

ಅಪ್ಪನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆತನ ಕೋಲನ್ನೇ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಆ ಕೋಲು ಅಲ್ಲಿಂದ ಹೊರಟಿತು. ಜನ ದಾರಿ ಬಿಟ್ಟರು. ಅಪ್ಪ ಹುಣಸೆಮರದ ಹತ್ತಿರ ಹೋಗಿ ತಂಗಿಯ ಎತ್ತಿನ ಪಕ್ಕ ನಿಂತ. ಬೆಳಿಗ್ಗೆ ಒತ್ತಿದ್ದ ಜಾಗದಲ್ಲೇ ಮತ್ತೆ ಕೈಯಿಟ್ಟ. ಏನೋ ಅಂದ. ಅವಳು ತಲೆ ಎತ್ತಿ ಏನೋ ಅಂದಳು. ಅಪ್ಪ ನಕ್ಕ. ಆಮೇಲೆ ಹೆಗಲಿನ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು ಅವಳ ತಲೆಯ ಮೇಲೆ ಕೈಯಿಟ್ಟ, ಆ ಕೈಯನ್ನು ಬೇಗ ತೆಗೆಯಲಿಲ್ಲ.

ಅದನ್ನು ಕಂಡು ನನಗೆ ಹೊಟ್ಟೆಯುರಿಯಲಿಲ್ಲ ಎಂದು ಬರೆದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಉರಿಯಿತು. ಚೆನ್ನಾಗಿಯೇ ಉರಿಯಿತು. ನಡುವೆ ಹೋಗಿ ಏನಾದರೊಂದು ಮಾತಾಡಿ ಅಪ್ಪನ ಮುಖವನ್ನು ನನ್ನ ಕಡೆ ತಿರುಗಿಸುವುದು ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಒಂದು ಹೆಜ್ಜೆ ಇಟ್ಟೂ ಇದ್ದೆ. ಆಮೇಲೆ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು, ಬಿಸಿಲಿನಲ್ಲಿ, ನನ್ನ ಎತ್ತಿನ ಪಕ್ಕ ನಿಂತುಕೊಂಡೆ. ಅವರಿಬ್ಬರ ಮಾತು ಮುಗಿಯುವ ತನಕ ಆ ಕಡೆ ಹೋಗಲಿಲ್ಲ.